ಸ್ಟುಡಿಯೋ ಡಾಟ್ ಎಚ್: ಹೆಡರ್ ಫೈಲ್ ಎರರ್ ಹಿಂದಿನ ಐವತ್ತು ವರ್ಷ

ಇವತ್ತಿನ ಮಾತು ಒಂದೇ ಒಂದು ಸಾಲಿನ ಬಗ್ಗೆ. ಸಿ ಭಾಷೆ ಕಲಿತ ಪ್ರತಿಯೊಬ್ಬರೂ ಮೊದಲ ದಿನ ಬರೆದ ಮೊದಲ ಸಾಲು ಅದು. ಹ್ಯಾಶ್ ಇನ್‌ಕ್ಲೂಡ್, ಆಮೇಲೆ ಎರಡು ಕೋನದ ಗುರುತಿನ ನಡುವೆ ಎಸ್‌ಟಿಡಿಐಓ ಡಾಟ್ ಎಚ್. ನಮ್ಮ ಕಾಲೇಜಿನಲ್ಲಿ ಎಲ್ಲರೂ ಅದನ್ನ "ಸ್ಟುಡಿಯೋ ಡಾಟ್ ಎಚ್" ಅಂತಲೇ ಓದ್ತಿದ್ವಿ. ಕೆಲವರು ಹಾಗೇ ಟೈಪೂ ಮಾಡಿ, ಫೈಲ್ ಇಲ್ಲ ಅಂತ ಬೈಸಿಕೊಳ್ತಿದ್ರು. ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ ಅನ್ನೋದರ ಚುಟುಕು ಅದು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ.

ನಾನಿರೋದು ಹೈದರಾಬಾದಿನ ಕುಷಾಯಿಗೂಡದಲ್ಲಿ. ಅಪ್ಪ ಕೆಲಸಕ್ಕೆ ಅಂತ ಬೀದರಿನಿಂದ ಬಂದು ಇಲ್ಲೇ ನಿಂತವರು. ಹೋದ ತಿಂಗಳು ಒಂದು ಶನಿವಾರ ರಾತ್ರಿ, ನಮ್ಮನೇಲೇ ಇದ್ದು ಇಂಜಿನಿಯರಿಂಗ್ ಓದ್ತಿರೋ ಅಕ್ಕನ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. ಮಾರನೇ ದಿನ ಬೆಳಗ್ಗೆ ಅವಳಿಗೆ ಒಂದು ಕಂಪನಿಯ ಆನ್‌ಲೈನ್ ಟೆಸ್ಟ್. "ಮಾಮಾ, ಕಾಲೇಜಿನ್ಯಾಗ ಇದೇ ಪ್ರೋಗ್ರಾಂ ಛಲೋ ನಡೀತದ. ಇಲ್ಲಿ ಯಾಕ ಆಗವಲ್ದು?" ಅಂದಳು. ಪರದೆ ಮೇಲೆ ಕೆಂಪು ಅಕ್ಷರ: ಫೇಟಲ್ ಎರರ್, ಕೋನಿಯೋ ಡಾಟ್ ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ.

ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಯಾಕಂದ್ರೆ ಇದೇ ಎರರ್, ಇದೇ ಫೈಲಿನ ಹೆಸರು, ನಾನು 2003ರಲ್ಲಿ ನೋಡಿದ್ದೆ.

ಆಗ ನಾನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ಸಂದರ್ಶನಕ್ಕೆ ಮೊದಲು ಒಂದು ಗಂಟೆಯ ಪ್ರಾಕ್ಟಿಕಲ್. ಲಿನಕ್ಸ್ ಇದ್ದ ಮಷೀನಿನ ಮುಂದೆ ಕೂರಿಸಿದರು. ಸಂಖ್ಯೆಗಳನ್ನ ಸಾರ್ಟ್ ಮಾಡೋ ಪ್ರೋಗ್ರಾಂ, ಕಣ್ಣು ಮುಚ್ಚಿ ಬರೆಯುವಂಥದ್ದು. ಬರೆದೆ. ಕಂಪೈಲ್ ಕೊಟ್ಟರೆ ಕೋನಿಯೋ ಇಲ್ಲ ಅಂತು. ಅಳಿಸಿ ಮತ್ತೆ ಟೈಪ್ ಮಾಡಿದೆ. ಮತ್ತೆ ಇಲ್ಲ. ಕೋನದ ಗುರುತು ತೆಗೆದು ಉದ್ಧರಣ ಚಿಹ್ನೆ ಹಾಕಿದೆ. ಆಗಲೂ ಇಲ್ಲ. ನಲವತ್ತು ನಿಮಿಷ ಹೀಗೇ ಹೋಯ್ತು. ಸಾರ್ಟ್ ಮಾಡೋ ಭಾಗದಲ್ಲಿ ಒಂದು ತಪ್ಪೂ ಇರಲಿಲ್ಲ, ಆದ್ರೆ ಅದನ್ನ ನೋಡೋ ತನಕ ಕಂಪೈಲರ್ ಬರಲೇ ಇಲ್ಲ. ಮನೆಗೆ ವಾಪಸ್ ಬರ್ತಾ ಬಸ್ಸಿನಲ್ಲಿ, "ನನಗೆ ಪ್ರೋಗ್ರಾಮಿಂಗ್ ಬರಲ್ಲ" ಅಂತ ತೀರ್ಮಾನ ಮಾಡಿಬಿಟ್ಟೆ. ಮುಂದೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಇಪ್ಪತ್ತು ವರ್ಷ ದಾಟಿದ ಮೇಲೂ ಅದೇ ಹೆಡರ್ ನಮ್ಮ ಮನೆಯ ಇನ್ನೊಂದು ಮಗುವನ್ನ ಅದೇ ಜಾಗದಲ್ಲಿ ನಿಲ್ಲಿಸಿದೆ ಅಂದ್ರೆ, ಅದು ಒಬ್ಬರ ತಪ್ಪಲ್ಲ, ಅದಕ್ಕೊಂದು ಇತಿಹಾಸ ಇದೆ. ಅದನ್ನೇ ಇವತ್ತು ಬಿಡಿಸೋಣ.

ಒಂದು ಮಷೀನಿಗೆ ಒಂದು ಪ್ರೋಗ್ರಾಂ

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಈಸಿಐಎಲ್ ಕ್ರಾಸ್ ರೋಡ್ಸ್. ಹೈದರಾಬಾದಿನವರಿಗೆ ಅದು ಬಸ್ಸಿನ ಬೋರ್ಡಿನ ಮೇಲಿನ ಹೆಸರು. ಆದ್ರೆ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಅನ್ನೋ ಆ ಸಂಸ್ಥೆ ಭಾರತದ ಕಂಪ್ಯೂಟರ್ ಚರಿತ್ರೆಯಲ್ಲಿ ದೊಡ್ಡ ಹೆಸರು. 1967ರ ಏಪ್ರಿಲ್‌ನಲ್ಲಿ ಪರಮಾಣು ಶಕ್ತಿ ಇಲಾಖೆಯ ಕೆಳಗೆ ಶುರುವಾಯಿತು. ಅದನ್ನ ಕಟ್ಟಿ ನಿಲ್ಲಿಸಿದವರು ಎ. ಎಸ್. ರಾವ್. ಪಕ್ಕದ ಎ. ಎಸ್. ರಾವ್ ನಗರಕ್ಕೆ ಅವರದೇ ಹೆಸರು. ಟ್ರಾಂಬೆಯಲ್ಲಿ ವಿನ್ಯಾಸಗೊಂಡ ಟಿಡಿಸಿ-12 ಅನ್ನೋ ಕಂಪ್ಯೂಟರ್ 1969ರಲ್ಲಿ ಬಂತು. ಟಿಡಿಸಿ ಅಂದ್ರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಅದು 12 ಬಿಟ್ ಮಷೀನು. ಮುಂದೆ ಈಸಿಐಎಲ್ 16 ಬಿಟ್‌ನ ಟಿಡಿಸಿ-316 ಕೂಡ ಮಾಡಿತು.

ಈಗ ಹೆಡರ್ ಫೈಲಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ಆ ಕಾಲದಲ್ಲಿ ಒಂದು ಮಷೀನಿನ ಅಸೆಂಬ್ಲಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇನ್ನೊಂದು ಮಷೀನಿಗೆ ಅರ್ಥವೇ ಆಗ್ತಿರಲಿಲ್ಲ. 12 ಬಿಟ್‌ನಿಂದ 16 ಬಿಟ್‌ಗೆ ಹೋದರೆ ಸಂಖ್ಯೆಯ ಅಳತೆಯೇ ಬೇರೆ. ಟೈಪ್ ಮಾಡಿದ ಅಕ್ಷರ ಓದೋ ರೀತಿ ಬೇರೆ, ಪ್ರಿಂಟರಿಗೆ ಕಳಿಸೋ ರೀತಿ ಬೇರೆ. ಹೊಸ ಮಷೀನು ಬಂದರೆ ಹಳೇ ಕೆಲಸ ಬಹುಪಾಲು ಮತ್ತೆ ಮಾಡಬೇಕು. ಈ ತಲೆನೋವು ಟ್ರಾಂಬೆಗೂ ಇತ್ತು, ಅಮೆರಿಕಕ್ಕೂ ಇತ್ತು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ರೂಪಿಸ್ತಾ ಇದ್ದದ್ದು ಇದೇ ಹೊತ್ತಿನಲ್ಲಿ, 1971ರಿಂದ 1973ರ ನಡುವೆ. ಹ್ಯಾಶ್ ಇನ್‌ಕ್ಲೂಡ್ ಅದರಲ್ಲಿ ಹುಟ್ಟಿನಿಂದ ಇರಲಿಲ್ಲ. 1972–73ರ ಸುಮಾರಿಗೆ ಅಲನ್ ಸ್ನೈಡರ್ ಒತ್ತಾಯ ಮಾಡಿದ್ದರಿಂದ, ಮತ್ತೆ ಬಿಸಿಪಿಎಲ್, ಪಿಎಲ್/ಒನ್ ಭಾಷೆಗಳಲ್ಲಿ ಇದ್ದ ಅನುಕೂಲ ನೋಡಿ, ಪ್ರೀಪ್ರೊಸೆಸರ್ ಅನ್ನೋದನ್ನ ಸೇರಿಸಿದರು. ಅದಕ್ಕೆ ಮೊದಮೊದಲು ಬರ್ತಿದ್ದದ್ದು ಎರಡೇ ಕೆಲಸ. ಒಂದು ಫೈಲನ್ನ ತಂದು ಇನ್ನೊಂದರೊಳಗೆ ಇಡೋದು, ಒಂದು ಹೆಸರಿನ ಜಾಗದಲ್ಲಿ ಇನ್ನೊಂದನ್ನ ಹಾಕೋದು. ಆಮೇಲೆ ಮೈಕ್ ಲೆಸ್ಕ್, ಜಾನ್ ರೈಸರ್ ಅದನ್ನ ಬೆಳೆಸಿದರು. ಕೆಲವು ವರ್ಷ ಅದು ಬೇಕಾದರೆ ಬಳಸಿ ಅನ್ನೋ ಹಾಗಿತ್ತು. ಫೈಲಿನ ಶುರುವಿನಲ್ಲಿ ವಿಶೇಷ ಗುರುತು ಇದ್ದರೆ ಮಾತ್ರ ಅದು ಎದ್ದು ಕೆಲಸ ಮಾಡ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಹ್ಯಾಶ್ ಇನ್‌ಕ್ಲೂಡ್‌ನಲ್ಲಿ ಯಾವ ಮಾಯವೂ ಇಲ್ಲ. ಅದು ಆ ಫೈಲಿನಲ್ಲಿರೋ ಅಕ್ಷರಗಳನ್ನ ತಂದು ನಿಮ್ಮ ಪ್ರೋಗ್ರಾಂ ಮೇಲ್ಗಡೆ ಅಂಟಿಸುತ್ತೆ, ಅಷ್ಟೇ. ಪ್ರಿಂಟ್‌ಎಫ್ ಅನ್ನೋ ಕೆಲಸಗಾರ ಸ್ಟುಡಿಯೋ ಫೈಲಿನೊಳಗೆ ಕೂತಿಲ್ಲ. ಅವನು ಲೈಬ್ರರಿಯಲ್ಲಿದ್ದಾನೆ. ಹೆಡರ್‌ನಲ್ಲಿರೋದು ಅವನ ಪರಿಚಯ ಪತ್ರ: ಹೆಸರು ಇದು, ಇಂಥಿಂಥದ್ದು ಕೊಡಬೇಕು, ಇಂಥದ್ದು ವಾಪಸ್ ಕೊಡ್ತಾನೆ.

ಮೈಕ್ ಲೆಸ್ಕ್ ಆ ಕಾಲದಲ್ಲೇ ಇನ್ನೊಂದು ಕೆಲಸ ಮಾಡಿದರು. ಯಾವ ಮಷೀನಿನಲ್ಲಾದರೂ ನಡೆಯೋ ಹಾಗೆ ಓದು-ಬರಹದ ಫಂಕ್ಷನ್‌ಗಳ ಒಂದು ಕಟ್ಟು ಬರೆದರು. ಮುಂದೆ ಅದನ್ನೇ ತಿದ್ದಿ ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ ಲೈಬ್ರರಿ ಆಯ್ತು. ನಮ್ಮ ಸ್ಟುಡಿಯೋ ಡಾಟ್ ಎಚ್‌ನ ಮೂಲ ಅಲ್ಲಿದೆ. ಮಷೀನು ಬದಲಾದರೂ ಪ್ರೋಗ್ರಾಂ ಬದಲಾಗಬಾರದು ಅನ್ನೋದು ಅದರ ಹಿಂದಿದ್ದ ಆಸೆ.

ಮೊದಲ ಪುಸ್ತಕದಲ್ಲಿ ಆ ಸಾಲೇ ಇರಲಿಲ್ಲ

ಕರ್ನಿಘನ್ ಮತ್ತು ರಿಚಿ ಬರೆದ ಸಿ ಪುಸ್ತಕ 1978ರಲ್ಲಿ ಬಂತು. ಜಗತ್ತಿಗೇ ಗೊತ್ತಿರೋ ಹಲೋ ವರ್ಲ್ಡ್ ಪ್ರೋಗ್ರಾಂ ಅದರಲ್ಲಿದೆ. ಆದ್ರೆ ಆ ಮೊದಲ ಆವೃತ್ತಿಯ ಹಲೋ ವರ್ಲ್ಡ್‌ನಲ್ಲಿ ಹ್ಯಾಶ್ ಇನ್‌ಕ್ಲೂಡ್ ಸಾಲು ಇಲ್ಲವೇ ಇಲ್ಲ! ಹತ್ತು ವರ್ಷದ ನಂತರ, 1988ರ ಎರಡನೇ ಆವೃತ್ತಿಯಲ್ಲಿ ಅದು ಸೇರಿಕೊಂಡಿತು.

ಹಾಗಾದ್ರೆ ಮೊದಲು ಹೇಗೆ ನಡೀತಿತ್ತು? ಆಗಿನ ಕಂಪೈಲರ್ ಬಹಳ ನಂಬಿಕೆಯ ಪ್ರಾಣಿ. ಪರಿಚಯ ಇಲ್ಲದ ಫಂಕ್ಷನ್ ಬಂದರೆ, "ಇರಲಿ ಬಿಡು, ಪೂರ್ಣಾಂಕ ವಾಪಸ್ ಕೊಡೋದೇ ಇರಬೇಕು" ಅಂತ ಊಹೆ ಮಾಡಿ ಮುಂದೆ ಹೋಗ್ತಿತ್ತು. ಊಹೆ ಸರಿಯಾದರೆ ಸರಿ. ವರ್ಗಮೂಲ ಕೊಡೋ ಎಸ್‌ಕ್ಯುಆರ್‌ಟಿ ಥರದ ಫಂಕ್ಷನ್ ಆದರೆ, ಅದು ಕೊಡೋದು ದಶಾಂಶ, ಇದು ಓದೋದು ಪೂರ್ಣಾಂಕ. ಎರರ್ ಬರಲ್ಲ, ಉತ್ತರ ಮಾತ್ರ ಸುಳ್ಳು. 64 ಬಿಟ್ ಮಷೀನುಗಳು ಬಂದ ಮೇಲೆ ಇದು ಇನ್ನೂ ಅಪಾಯ ಆಯ್ತು. ಎಸ್‌ಟಿಡಿಲಿಬ್ ಡಾಟ್ ಎಚ್ ಮರೆತು ಮ್ಯಾಲಾಕ್ ಕರೆದರೆ, 64 ಬಿಟ್ ವಿಳಾಸದಲ್ಲಿ ಅರ್ಧ ಕತ್ತರಿಸಿ ಹೋಗಿ ಪ್ರೋಗ್ರಾಂ ಎಲ್ಲೋ ಬಿದ್ದು ಸಾಯ್ತಿತ್ತು.

1999ರ ಸಿ ಸ್ಟ್ಯಾಂಡರ್ಡ್ ಈ ಊಹೆಯನ್ನ ಭಾಷೆಯಿಂದ ತೆಗೆದುಹಾಕಿತು. ಆದ್ರೂ ಕಂಪೈಲರ್‌ಗಳು ಹಳೇ ಪ್ರೋಗ್ರಾಂಗಳು ಮುರೀಬಾರದು ಅಂತ ಬರೀ ವಾರ್ನಿಂಗ್ ಕೊಟ್ಟು ಬಿಡ್ತಿದ್ದವು. 2024ರಲ್ಲಿ ಬಂದ ಜಿಸಿಸಿ 14 ಕೊನೆಗೂ ಅದನ್ನ ಎರರ್ ಮಾಡಿತು. 1978ರ ಆ ಹಲೋ ವರ್ಲ್ಡ್ ಅನ್ನ ಇವತ್ತಿನ ಜಿಸಿಸಿಗೆ ಹಾಗೇ ಕೊಟ್ಟರೆ ಅದು ಒಪ್ಪಲ್ಲ. "ನಿನ್ನೆವರೆಗೂ ಕಂಪೈಲ್ ಆಗ್ತಿತ್ತು, ಅಪ್‌ಡೇಟ್ ಆದಮೇಲೆ ಇಂಪ್ಲಿಸಿಟ್ ಡಿಕ್ಲರೇಷನ್ ಅಂತಿದೆ" ಅನ್ನೋರಿಗೆ ಉತ್ತರ ಇದೇ. ಹೆಡರ್ ಮೊದಲಿಂದಲೂ ಬಿಟ್ಟುಹೋಗಿತ್ತು, ಕಂಪೈಲರ್ ಈಗ ಸುಮ್ಮನಿರಲ್ಲ.

ಹದಿನೈದು ಹೆಡರ್, ಒಂದು ನೀಲಿ ಪರದೆ

ಎಂಬತ್ತರ ದಶಕದಲ್ಲಿ ಸಿ ಎಲ್ಲ ಕಡೆ ಹರಡಿತು. ಪ್ರತಿ ಕಂಪನಿಯೂ ತನ್ನದೇ ಕಂಪೈಲರ್, ತನ್ನದೇ ಹೆಡರ್ ಕೊಡೋಕೆ ಶುರು ಮಾಡಿತು. ಮಷೀನು ಬದಲಾದರೂ ನಡೀಬೇಕು ಅಂತ ಮಾಡಿದ ಭಾಷೆ ಮತ್ತೆ ಹೋಳಾಗ್ತಿತ್ತು. 1983ರಲ್ಲಿ ಅಮೆರಿಕದ ಎಎನ್‌ಎಸ್‌ಐ ಒಂದು ಸಮಿತಿ ಮಾಡಿತು, 1989ರಲ್ಲಿ ಸ್ಟ್ಯಾಂಡರ್ಡ್ ಬಂತು, 1990ರಲ್ಲಿ ಐಎಸ್‌ಓ ಅದನ್ನ ಒಪ್ಪಿತು. ಆ ಸ್ಟ್ಯಾಂಡರ್ಡ್‌ನಲ್ಲಿ ಇದ್ದ ಹೆಡರ್‌ಗಳು ಸರಿಯಾಗಿ 15. 1999ರ ಹೊತ್ತಿಗೆ ಅವು 24 ಆದವು. ಸ್ಟುಡಿಯೋ ಇದೆ, ಮ್ಯಾಥ್ ಇದೆ, ಸ್ಟ್ರಿಂಗ್ ಇದೆ, ಟೈಮ್ ಇದೆ. ಕೋನಿಯೋ ಆಗಲೂ ಇಲ್ಲ, ಆಮೇಲೂ ಸೇರಲಿಲ್ಲ.

ಮತ್ತೆ ಕೋನಿಯೋ ಎಲ್ಲಿಂದ ಬಂತು? ಡಾಸ್ ಕಾಲದ ಕಂಪೈಲರ್‌ಗಳಿಂದ. ಕನ್ಸೋಲ್ ಇನ್‌ಪುಟ್ ಔಟ್‌ಪುಟ್ ಅನ್ನೋದರ ಚುಟುಕು. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಟರ್ಬೋ ಸಿ, 1990ರಲ್ಲಿ ಟರ್ಬೋ ಸಿ ಪ್ಲಸ್ ಪ್ಲಸ್ ತಂದಿತು. ನೀಲಿ ಪರದೆ, ಮೇಲೆ ಮೆನು, ಬರೆಯೋದು, ಕಂಪೈಲ್ ಮಾಡೋದು, ಓಡಿಸೋದು ಎಲ್ಲ ಒಂದೇ ಕಡೆ. ಪರದೆ ಒರೆಸೋಕೆ ಕ್ಲಿಯರ್ ಸ್ಕ್ರೀನ್, ಕೊನೆಗೆ ಪರದೆ ನಿಲ್ಲಿಸೋಕೆ ಗೆಟ್‌ಸಿಎಚ್. ಚಿತ್ರ ಬರೆಯೋಕೆ ಗ್ರಾಫಿಕ್ಸ್ ಡಾಟ್ ಎಚ್.

ಟರ್ಬೋ ಸಿಯನ್ನ ಬೈಯೋದು ಈಗ ಸುಲಭ. ಆದ್ರೆ ನಾನು ಕಲಿತ ಲ್ಯಾಬಿನಲ್ಲಿದ್ದ ಮಷೀನುಗಳಿಗೆ ಬೇರೇನೂ ಹತ್ತುತ್ತಿರಲಿಲ್ಲ. ಯಾರೋ ಕೊಟ್ಟ ಫ್ಲಾಪಿಯಿಂದ ಹಾಕಿಕೊಂಡು ನಾನೂ ಮೊದಲ ಸಲ ಪರದೆ ಮೇಲೆ ವೃತ್ತ ಬರೆದೆ. ಆ ಖುಷಿ ಸುಳ್ಳಲ್ಲ. ಹೆಡರ್ ಎರರ್ ಅನ್ನೋದನ್ನ ಮೊದಲು ಪರಿಚಯ ಮಾಡಿಸಿದ್ದೂ ಅದೇ: ಅನೇಬಲ್ ಟು ಓಪನ್ ಇನ್‌ಕ್ಲೂಡ್ ಫೈಲ್. ಒಂದು ಮಷೀನಿನ ಸಿ ಡ್ರೈವ್‌ನಿಂದ ಟಿಸಿ ಫೋಲ್ಡರನ್ನ ಇನ್ನೊಂದು ಮಷೀನಿನ ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಇದು ಗ್ಯಾರಂಟಿ. ಆಪ್ಷನ್ಸ್ ಮೆನುವಿನ ಡೈರೆಕ್ಟರೀಸ್‌ನಲ್ಲಿ ಹಳೇ ವಿಳಾಸವೇ ಕೂತಿರುತ್ತಿತ್ತು. ಅದನ್ನ ಡಿ ಅಂತ ತಿದ್ದಿದರೆ ಮುಗೀತು. ಫೈಲ್ ಇದೆ, ಕಂಪೈಲರ್ ಬೇರೆ ಬೀದಿಯಲ್ಲಿ ಹುಡುಕ್ತಿದೆ. ಈ ಪಾಠ ಇವತ್ತಿಗೂ ಕೆಲಸಕ್ಕೆ ಬರುತ್ತೆ.

ನನ್ನ ತಕರಾರು ಇರೋದು ಬೇರೆ ಕಡೆ. ಸ್ಟುಡಿಯೋ ಭಾಷೆಯದ್ದು, ಕೋನಿಯೋ ಒಂದು ಕಾಲದ, ಒಂದು ಬಗೆಯ ಮಷೀನಿನ ಕಂಪೈಲರ್‌ಗಳದ್ದು ಅಂತ ನನಗೆ ಯಾರೂ ಹೇಳಲಿಲ್ಲ. ಎರಡೂ ಸಾಲು ಒಂದರ ಕೆಳಗೊಂದು, ದೇವರಿಗೆ ದೀಪ ಹಚ್ಚಿದ ಹಾಗೆ, ಪ್ರತಿ ಪ್ರೋಗ್ರಾಂ ಮೇಲೂ ಬರೆದೆವು. ಒಂದು ಕಂಪನಿಯ ಸಾಮಾನನ್ನೇ ಭಾಷೆ ಅಂದುಕೊಂಡು ಕಲಿತೆವು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನ ಓಡಿಸಲ್ಲ ಅಂದಾಗಲೂ ಡಾಸ್‌ಬಾಕ್ಸ್ ಒಳಗೆ ಅದನ್ನ ಕೂರಿಸಿ ಮುಂದುವರಿಸಿದವರಿದ್ದಾರೆ. ನನ್ನ ಸೋದರಸೊಸೆಯ ಲ್ಯಾಬಿನಲ್ಲಿರೋದೂ ಅದೇ.

ಸಿ ಪ್ಲಸ್ ಪ್ಲಸ್ ಕಲಿತವರ ಕಥೆಯೂ ಇದೇ. ಐಓಸ್ಟ್ರೀಮ್ ಡಾಟ್ ಎಚ್ ಅಂತ ಬರೆದು ಅಭ್ಯಾಸ. 1998ರ ಸ್ಟ್ಯಾಂಡರ್ಡ್‌ನಲ್ಲಿ ಇರೋದು ಡಾಟ್ ಎಚ್ ಇಲ್ಲದ ಐಓಸ್ಟ್ರೀಮ್. ಜಿಸಿಸಿ ಹತ್ತು ವರ್ಷ ಹಳೇ ಹೆಸರನ್ನೂ ಸಹಿಸಿಕೊಂಡು, 2008ರ 4.3 ಆವೃತ್ತಿಯಲ್ಲಿ ತೆಗೆದುಹಾಕಿತು. ಡಾಟ್ ಎಚ್ ಅಳಿಸಿ, ಕೆಳಗೆ ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ ಅಂತ ಸೇರಿಸಿದರೆ ಹಳೇ ಲ್ಯಾಬ್ ಪ್ರೋಗ್ರಾಂಗಳು ಬಹುಪಾಲು ನಡೀತವೆ.

ಕೇಳಬೇಕಾದ ನಾಲ್ಕು ಪ್ರಶ್ನೆ

ಆ ರಾತ್ರಿ ಸೊಸೆಗೆ ನಾನು ನೇರವಾಗಿ ಉತ್ತರ ಹೇಳಲಿಲ್ಲ. ನಾಲ್ಕು ಪ್ರಶ್ನೆ ಹೇಳಿಕೊಟ್ಟೆ. ಹೆಡರ್ ಎರರ್ ಬಂದಾಗ ಪ್ರೋಗ್ರಾಮನ್ನ ಅಳಿಸಬೇಡ, ಇದನ್ನ ಕೇಳು ಅಂದೆ.

ಒಂದು, ಹೆಸರು ಸರಿ ಇದೆಯಾ? ಸ್ಟುಡಿಯೋ ಅಂತ ಟೈಪ್ ಆಗಿದೆಯಾ, ಕೋನದ ಗುರುತಿನ ಒಳಗೆ ಎಲ್ಲೋ ಸ್ಪೇಸ್ ಸೇರಿದೆಯಾ? ಡಾಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲ ಒಂದೇ. ಲಿನಕ್ಸ್‌ನಲ್ಲಿ ಎರಡೂ ಬೇರೆ ಫೈಲ್.

ಎರಡು, ಆ ಫೈಲ್ ಈ ಮಷೀನಿನಲ್ಲಿ ಇದೆಯಾ? ಲಿನಕ್ಸ್‌ನಲ್ಲಿ ಪ್ರೋಗ್ರಾಂ ಓಡೋಕೆ ಬೇಕಾದ ಲೈಬ್ರರಿ ಒಂದು ಪ್ಯಾಕೇಜಿನಲ್ಲಿ, ಹೆಡರ್ ಇನ್ನೊಂದರಲ್ಲಿ. ಉಬುಂಟುವಿನಲ್ಲಿ ಹೆಸರಿನ ಕೊನೆಗೆ ಡೆವ್ ಅಂತಿರುತ್ತೆ, ಫೆಡೋರಾದಲ್ಲಿ ಡೆವೆಲ್. ಜಿಸಿಸಿ ಇದ್ದೂ ಸ್ಟುಡಿಯೋ ಡಾಟ್ ಎಚ್ ಸಿಗದಿದ್ದರೆ ಗಾಬರಿ ಬೇಡ. ಉಬುಂಟುವಿನಲ್ಲಿ ಬಿಲ್ಡ್ ಎಸೆನ್ಷಿಯಲ್ ಅನ್ನೋ ಪ್ಯಾಕೇಜ್ ಹಾಕಿದರೆ ಬೇಕಾದ್ದೆಲ್ಲ ಬರುತ್ತೆ.

ಮೂರು, ಇದ್ದರೆ, ಕಂಪೈಲರ್ ಹುಡುಕೋ ಜಾಗದಲ್ಲಿ ಇದೆಯಾ? ಕೋನದ ಗುರುತು ಹಾಕಿದರೆ ಸಿಸ್ಟಮ್ಮಿನ ಫೋಲ್ಡರ್‌ಗಳಲ್ಲಿ ಹುಡುಕುತ್ತೆ. ಉದ್ಧರಣ ಚಿಹ್ನೆ ಹಾಕಿದರೆ ಮೊದಲು ನಿಮ್ಮ ಫೈಲ್ ಇರೋ ಫೋಲ್ಡರ್, ಆಮೇಲೆ ಸಿಸ್ಟಮ್ಮು. ನೀವೇ ಬರೆದ ಹೆಡರ್‌ಗೆ ಉದ್ಧರಣ ಚಿಹ್ನೆ. ಅದು ಬೇರೆ ಫೋಲ್ಡರ್‌ನಲ್ಲಿದ್ದರೆ ಕಂಪೈಲ್ ಮಾಡುವಾಗ ಮೈನಸ್ ಕ್ಯಾಪಿಟಲ್ ಐ ಹಾಕಿ ಫೋಲ್ಡರಿನ ವಿಳಾಸ ಕೊಡಿ. ಟರ್ಬೋ ಸಿಯಲ್ಲಿ ಡೈರೆಕ್ಟರೀಸ್ ತಿದ್ದಿದ ಕೆಲಸವೇ ಇದು.

ನಾಲ್ಕು, ಈ ಹೆಡರ್ ಯಾರದ್ದು? ಭಾಷೆಯದ್ದಾ, ಆಪರೇಟಿಂಗ್ ಸಿಸ್ಟಮ್ಮಿನದ್ದಾ, ಒಂದು ಕಂಪೈಲರಿನದ್ದಾ? ಭಾಷೆಯದ್ದಾದರೆ ಎಲ್ಲ ಕಡೆ ಸಿಗುತ್ತೆ. ಬೇರೆಯವರದ್ದಾದರೆ, ಅದಿಲ್ಲದೆ ಕೆಲಸ ಆಗುತ್ತಾ ನೋಡಿ. ನಿಜಕ್ಕೂ ಪರದೆ ಮೇಲೆ ಆಟ ಆಡಿಸಬೇಕಿದ್ದರೆ ಲಿನಕ್ಸ್‌ನಲ್ಲಿ ಎನ್‌ಕರ್ಸಸ್ ಇದೆ.

ಇನ್ನೊಂದು ಎಚ್ಚರ. ಅನ್‌ಡಿಫೈನ್ಡ್ ರೆಫರೆನ್ಸ್ ಅಂತ ಬಂದರೆ ಅದು ಹೆಡರ್ ಎರರ್ ಅಲ್ಲ. ಪರಿಚಯ ಪತ್ರ ಸಿಕ್ಕಿದೆ, ಕೆಲಸಗಾರ ಸಿಕ್ಕಿಲ್ಲ. ಅದು ಲಿಂಕರಿನ ಮಾತು. ಲಿನಕ್ಸ್‌ನಲ್ಲಿ ವರ್ಗಮೂಲಕ್ಕೆ ಹೀಗೆ ಬಂದರೆ ಕೊನೆಗೆ ಮೈನಸ್ ಎಲ್‌ಎಂ ಸೇರಿಸಿ. ವಿಂಡೋಸಿನ ಮಿನ್‌ಜಿಡಬ್ಲ್ಯೂನಲ್ಲಿ ಕೋನಿಯೋ ಡಾಟ್ ಎಚ್ ಇದೆ, ಗೆಟ್‌ಸಿಎಚ್ ಕೂಡ ಇದೆ, ಆದ್ರೆ ಕ್ಲಿಯರ್ ಸ್ಕ್ರೀನ್ ಇಲ್ಲ. ಅದಕ್ಕೇ ಅಲ್ಲಿ ಹೆಡರ್ ದಾಟಿ ಮುಂದೆ ಹೋಗಿ ಎಡವ್ತಾರೆ.

ಸೊಸೆ ಮೂರು ಪ್ರಶ್ನೆ ಬೇಗ ದಾಟಿದಳು. ನಾಲ್ಕನೆಯದರಲ್ಲಿ ನಿಂತಳು. "ಇದು ಯಾರದಂತ ನಂಗ ಹ್ಯಾಂಗ ಗೊತ್ತಾಗ್ಬೇಕು ಮಾಮಾ? ಎಲ್ಲಾ ಪ್ರೋಗ್ರಾಮಿನ್ಯಾಗೂ ಅದ." ಅವಳ ಮಾತು ಸರಿ. ಅದನ್ನ ಊಹೆ ಮಾಡಿ ತಿಳಿಯೋಕೆ ಆಗಲ್ಲ, ಯಾರಾದರೂ ಹೇಳಬೇಕು. ಹೇಳಿದೆ. ಕೋನಿಯೋ ಸಾಲು ತೆಗೆದಳು. ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ತೆಗೆದಳು. ವಾಯ್ಡ್ ಮೇನ್ ಅನ್ನ ಇಂಟ್ ಮೇನ್ ಮಾಡಿ ಕೊನೆಗೆ ರಿಟರ್ನ್ ಸೊನ್ನೆ ಸೇರಿಸಿದಳು. ಅಷ್ಟಕ್ಕೇ ಪ್ರೋಗ್ರಾಂ ಓಡಿತು. ತರ್ಕದ ಭಾಗದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ.

ಸ್ವಲ್ಪ ಹೊತ್ತು ಪರದೆ ನೋಡ್ತಾ ಕೂತಿದ್ದು, "ಅಂದ್ರ ನಂಗ ಬರ್ತಿತ್ತು" ಅಂದಳು. ನನಗೆ 2003ರ ಬಸ್ಸು ನೆನಪಾಯ್ತು.

ಮಾರನೇ ದಿನ ಟೆಸ್ಟ್ ಬರೆದು ಬಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಬಂದರೂ ಬರದಿದ್ದರೂ, ಕಂಪೈಲ್ ಆಗದೆ ಎದ್ದು ಬಂದೆ ಅನ್ನೋ ಮಾತು ಅವಳ ಬಾಯಲ್ಲಿ ಬರಲಿಲ್ಲ. ಕಾಲೇಜಿನ ರೆಕಾರ್ಡಿಗೆ ಈಗಲೂ ಕೋನಿಯೋ ಬೇಕೇ ಬೇಕು. ಅದಕ್ಕೆ ಪ್ರತಿ ಪ್ರೋಗ್ರಾಮನ್ನೂ ಎರಡು ಸಲ ಬರೀತಾಳೆ, ಒಂದು ಲ್ಯಾಬಿಗೆ, ಒಂದು ಹೊರಗಿನ ಲೋಕಕ್ಕೆ.

ನಿಮ್ಮಲ್ಲಿ ಪಾಠ ಮಾಡೋರಿದ್ದರೆ ಒಂದೇ ಕೋರಿಕೆ. ಸಿಲಬಸ್ ಬದಲಿಸೋದು ನಿಮ್ಮ ಕೈಲಿಲ್ಲದೇ ಇರಬಹುದು. ಮೊದಲ ದಿನ ಮೊದಲ ಸಾಲು ಬರೆಸುವಾಗ, ಇದು ಭಾಷೆಯದ್ದು, ಇದು ಈ ಡಬ್ಬದ್ದು ಅಂತ ಒಂದು ಮಾತು ಹೇಳಿ. ಅರ್ಧ ನಿಮಿಷ ಸಾಕು. ನನಗೆ ಆ ಅರ್ಧ ನಿಮಿಷ ಸಿಕ್ಕಿದ್ದರೆ ಒಂದು ವರ್ಷ ಉಳೀತಿತ್ತು.

ಇವತ್ತಿಗೆ ಇಷ್ಟು. ನೀವು ಸಿಕ್ಕಿಹಾಕಿಕೊಂಡ ಹೆಡರ್ ಯಾವುದು ಅಂತ ಬರೆದು ತಿಳಿಸಿ. ಮತ್ತೆ ಸಿಗೋಣ, ನಮಸ್ಕಾರ.